ಮಾವಿನ ಮೇಲಿನ ಬಂದಳಿಕೆ

"ಗುರುಗಳೇ, ಒಂದು ನಿಯಮವನ್ನೂ ತಪ್ಪದೆ ನಡೆದವನ ಕೈಯಿಂದಲೂ ಕೇಡು ಆಗುವುದುಂಟೆ?"

ಕೇಳಿದವನು ಶಿಷ್ಯ. ಮಧ್ಯಾಹ್ನದ ತಂಬುಳಿಗೆಂದು ಕೆರೆಯಂಚಿನಿಂದ ಕಿತ್ತು ತಂದ ಒಂದೆಲಗದ ಸೊಪ್ಪನ್ನು ಬಿಡಿಸುತ್ತ ಕುಳಿತಿದ್ದ. ನಿಯಮದ ವಿಷಯದಲ್ಲಿ ಅವನು ಬಹಳ ಗಟ್ಟಿ. ಅದು ಅವನಿಗೂ ಗೊತ್ತಿತ್ತು.

ಗುರು ಒಂದು ಕತೆ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ವೈದ್ಯನಿದ್ದ. ಅವನ ಮನೆತನ ಬಂದಳಿಕೆಯ ಮದ್ದಿಗೆ ಹೆಸರಾದದ್ದು. ಬಂದಳಿಕೆ ನೆಲದಲ್ಲಿ ಹುಟ್ಟುವ ಗಿಡವಲ್ಲ. ಹಕ್ಕಿ ತಂದ ಬೀಜ ಯಾವ ಮರದ ಕೊಂಬೆಗೆ ಅಂಟಿತೋ ಆ ಮರದೊಳಕ್ಕೇ ಬೇರಿಳಿಸಿ, ಅದರ ರಸವನ್ನೇ ಕುಡಿದು ಬೆಳೆಯುತ್ತದೆ. ಹೊಂಗೆಯ ಮೇಲೆ ಬೆಳೆದದ್ದಕ್ಕೆ ಹೊಂಗೆಯ ಗುಣ, ಹುಣಸೆಯ ಮೇಲೆ ಬೆಳೆದದ್ದಕ್ಕೆ ಹುಣಸೆಯ ಗುಣ. ಎಲೆ ಮಾತ್ರ ಎಲ್ಲ ಕಡೆಯೂ ಒಂದೇ. ಕಿತ್ತು ಬುಟ್ಟಿಗೆ ಹಾಕಿದ ಮೇಲೆ ಎಂಥ ಕಣ್ಣಿಗೂ ಅದು ಯಾವ ಮರದ್ದೆಂದು ತಿಳಿಯದು.

ಆದ್ದರಿಂದ ವೈದ್ಯನ ಅಜ್ಜ ಒಂದು ನಿಯಮ ಮಾಡಿಟ್ಟಿದ್ದ. ಬಂದಳಿಕೆ ತಂದವರು ಹೊಸ್ತಿಲಾಚೆ ನಿಲ್ಲಬೇಕು. ವೈದ್ಯನಾದವನು "ಎಲ್ಲಿ ಬೆಳೆದದ್ದು?" ಎಂದು ಕೇಳಬೇಕು. ಅವರು ಮರದ ಹೆಸರು ಹೇಳಿದ ಮೇಲೆಯೇ ಸೊಪ್ಪು ಹೊಸ್ತಿಲು ದಾಟಬೇಕು.

ಅಜ್ಜನ ಕಾಲದಲ್ಲಿ ಬಗೆಬಗೆಯ ಉತ್ತರ ಬರುತ್ತಿತ್ತು. ಕೆಲವರ ಬುಟ್ಟಿ ಅಲ್ಲಿಂದಲೇ ತಿಪ್ಪೆಗೆ ಹೋಗುತ್ತಿತ್ತು. ಮೊಮ್ಮಗನ ಕಾಲಕ್ಕೆ ಬಳಕೆಯಲ್ಲಿ ಉಳಿದದ್ದು ಒಂದೇ ಒಂದು, ಬಾಣಂತಿಯರ ರಕ್ತಸ್ರಾವ ನಿಲ್ಲಿಸುವ ಮಾವಿನ ಬಂದಳಿಕೆ. ಅದನ್ನು ತರುವವಳೂ ಒಬ್ಬಳೇ ಮುದುಕಿ. ಊರಾಚೆಯ ತೋಪಿನಲ್ಲಿ ಒಂದು ಹಳೆಯ ಮಾವಿನ ಮರವಿತ್ತು. ಅವಳು ಅಲ್ಲಿಂದಲೇ ಕಿತ್ತು ತರುತ್ತಿದ್ದಳು. ವೈದ್ಯ ಕಲ್ಲಿನ ಮೇಲೆ ಮದ್ದು ಅರೆಯುತ್ತ, ತಲೆಯೆತ್ತದೆ, "ಎಲ್ಲಿ ಬೆಳೆದದ್ದು?" ಎನ್ನುತ್ತಿದ್ದ. ಹೊರಗಿನಿಂದ "ಮಾವಿನ ಮೇಲೆ" ಎಂದು ಬರುತ್ತಿತ್ತು. ಮುದುಕಿ ತೀರಿಕೊಂಡಳು. ಅವಳ ಸೊಸೆ ಬುಟ್ಟಿ ಹೊತ್ತಳು. ದನಿ ಬದಲಾಯಿತು, ಉತ್ತರ ಬದಲಾಗಲಿಲ್ಲ. ನಿಯಮ ಒಂದು ದಿನವೂ ತಪ್ಪಲಿಲ್ಲ. ಆ ಬಗ್ಗೆ ವೈದ್ಯನಿಗೆ ಒಳಗೊಳಗೇ ಒಂದು ಸಮಾಧಾನವಿತ್ತು.

ಅವನಿಗೆ ಒಬ್ಬಳೇ ಮಗಳು. ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಳು. ಮಗುವೇನೋ ಸುಸೂತ್ರವಾಗಿ ಹುಟ್ಟಿತು, ಆದರೆ ರಕ್ತ ನಿಲ್ಲಲಿಲ್ಲ. ವೈದ್ಯ ಎದೆಗುಂದಲಿಲ್ಲ. ಇದಕ್ಕಿಂತ ಸೋತು ಹೋದವರನ್ನು ಅವನು ಎಬ್ಬಿಸಿ ಕೂರಿಸಿದ್ದ. ಸೊಪ್ಪಿನವಳಿಗೆ ಹೇಳಿ ಕಳಿಸಿದ.

ಅವಳು ಏದುಸಿರು ಬಿಡುತ್ತ ಬಂದು ಹೊಸ್ತಿಲಾಚೆ ನಿಂತಳು. ವೈದ್ಯನ ಹೆಂಡತಿ ಬುಟ್ಟಿಗೆ ಕೈಚಾಚಿದಳು.

"ತಾರೇ ಇತ್ತ!"

"ತಡಿ," ಎಂದ ವೈದ್ಯ.

"ತಡಿಯಂತೆ! ಒಳಗೆ ಹೋಗಿ ಮಗಳ ಮುಖ ನೋಡಿ ಬಂದು ಆ ಮಾತು ಹೇಳಿ. ಊರವರಿಗೆ ಇಟ್ಟ ನಿಯಮ ಮನೆಮಗಳಿಗೂ ಬೇಕೆ?"

"ಮನೆಮಗಳಿಗೇ ಮೊದಲು ಬೇಕು."

ಸೊಪ್ಪಿನವಳು ಏನೋ ಹೇಳಹೊರಟಳು. "ಪಂಡಿತರೇ, ತೋಪಿನಾಗೆ..."

"ತೋಪಿನ ಸುದ್ದಿ ಆಮೇಲೆ. ಎಲ್ಲಿ ಬೆಳೆದದ್ದು?"

ಅವಳು ಬುಟ್ಟಿ ಇಳಿಸಿದಳು. ಸೆರಗು ಸರಿಮಾಡಿಕೊಂಡು ಕೈಮುಗಿದು ಹೇಳಿದಳು:

"ಮಾವಿನ ಮೇಲೆ."

ವೈದ್ಯ ತಾನೇ ಅರೆದ, ತಾನೇ ಸೋಸಿದ, ಮಗಳ ತಲೆಯನ್ನು ತೋಳಿನ ಮೇಲೆ ಇಟ್ಟುಕೊಂಡು ತಾನೇ ಕುಡಿಸಿದ. ಮಗಳು ಮುಖ ಹಿಂಡಿದಳು. "ಏನಪ್ಪಾ ಇದು, ಇಷ್ಟೊಂದು ಕಹಿ!"

"ನಿನ್ನ ಬಾಯಿ ಕೆಟ್ಟಿದೆ ಕಣವ್ವಾ. ಕಣ್ಣು ಮುಚ್ಚಿ ಕುಡಿದುಬಿಡು."

ಅವಳು ಅಪ್ಪನ ಮಾತು ಮೀರುವವಳಲ್ಲ. ತಳದ ಗಸಿಯನ್ನೂ ಬಿಡದೆ ಕುಡಿದಳು.

ಸ್ವಲ್ಪ ಹೊತ್ತಿಗೆ ಅವಳ ಕತ್ತು ಬಿಗಿಯಿತು. ಹಲ್ಲು ಕಚ್ಚಿಕೊಂಡವು. ಪಕ್ಕದಲ್ಲಿ ಮಗು ಅತ್ತ ಕೂಡಲೇ ಮೈಯೆಲ್ಲ ಬೆಚ್ಚಿ ಬಿಲ್ಲಿನಂತೆ ಹಿಂದಕ್ಕೆ ಬಾಗಿತು. ವೈದ್ಯ ಅವಳ ದವಡೆ ಮುಟ್ಟಿ ನೋಡಿದ. ಅದು ಬಾಣಂತಿಯ ರೋಗವಲ್ಲ. ಕಾಸರಕದ ಮರದ ವಿಷ ಏರಿದವರು ಹೀಗೆ ಸಣ್ಣ ಸದ್ದಿಗೂ ಬೆಚ್ಚಿ ಸೆಟೆಯುತ್ತಾರೆಂದು ಅಜ್ಜ ಹೇಳಿಕೊಟ್ಟಿದ್ದ. ತಾನು ಕುಡಿಸಿದ್ದರಲ್ಲಿ ಕಾಸರಕ ಎಲ್ಲಿಂದ ಬಂತು?

ಬಾಗಿಲಿಗೆ ಓಡಿ ಬಂದ. ಒಳಗಿನಿಂದ ಒಳ್ಳೆಯ ಸುದ್ದಿ ಬರಲೆಂದು ಸೊಪ್ಪಿನವಳು ಜಗಲಿಯಲ್ಲೇ ಕುಳಿತಿದ್ದಳು.

"ಎಲ್ಲಿ ಬೆಳೆದದ್ದು?"

ಅವಳು ಗಡಬಡಿಸಿ ಎದ್ದು ಕೈಮುಗಿದಳು. "ಮಾವಿನ ಮೇಲೆ."

ವೈದ್ಯ ಅವಳ ಎರಡೂ ಭುಜ ಹಿಡಿದು ಅಲುಗಿಸಿದ. "ಅದಲ್ಲ ಕಣೇ! ಈ ಸೊಪ್ಪನ್ನು ನಿನ್ನ ಕೈ ಯಾವ ಮರದಿಂದ ಕಿತ್ತಿತು?"

"ಓ, ಅದನ್ನ ಕೇಳ್ತಿದ್ದೀರಾ? ಹಳ್ಳದ ದಂಡೆಯ ಕಾಸರಕದಿಂದ. ತೋಪಿನ ಮಾವನ್ನ ಮೊನ್ನೆ ಸೌದೆಗೆ ಕಡಿದು ಸಾಗಿಸಿಬಿಟ್ರು. ಅದನ್ನೇ ಹೇಳೋಕೆ ಬಾಯಿ ತೆಗೆದೆ, ನೀವು ಬಿಡಲಿಲ್ಲ. ಕಾಸರಕದ ಮೇಲೂ ಬಂದಳಿಕೆ ಚೆನ್ನಾಗಿ ಹಬ್ಬಿತ್ತು. ಕಾಯಿ ಕೆಟ್ಟದ್ದು ಅಂತ ಗೊತ್ತು ಪಂಡಿತರೇ, ಕಾಯಿಗೆ ಕೈ ತಾಗಿಸಿಲ್ಲ."

"ಮತ್ತೆ ಮಾವು ಅಂದೆಯಲ್ಲೇ! ನಾನು ಕೇಳಿದಾಗ ಮಾವು ಅಂದೆಯಲ್ಲೇ!"

ಅವಳು ಕಕ್ಕಾಬಿಕ್ಕಿಯಾದಳು. "ಅದು ಮಂತ್ರ ಅಲ್ವಾ? ಪಂಡಿತರು ಹಂಗಂದ್ರೆ ನಾವು ಹಿಂಗನ್ನಬೇಕು, ಆಗಲೇ ಮದ್ದಿಗೆ ಕಸುವು ಬರೋದು ಅಂತ ನಮ್ಮತ್ತೆ ಹೇಳಿಕೊಟ್ಟಿದ್ದು. ಮಂತ್ರಾನ ಯಾರಾದರೂ ಬದಲಾಯಿಸ್ತಾರಾ?"

ವೈದ್ಯನ ಕೈ ಅವಳ ಭುಜದಿಂದ ಜಾರಿತು. ಅವಳು ಸುಳ್ಳು ಹೇಳಿರಲಿಲ್ಲ. ಅವಳನ್ನು ಯಾರೂ ಏನನ್ನೂ ಕೇಳಿಯೇ ಇರಲಿಲ್ಲ.

ಒಳಗೆ ಮಗು ಮತ್ತೆ ಅತ್ತಿತು. ಈ ಸಲ ಆ ಸದ್ದಿಗೆ ಬೆಚ್ಚಲು ಅದರ ತಾಯಿ ಇರಲಿಲ್ಲ.

ಗುರು ಕತೆ ನಿಲ್ಲಿಸಿದರು.

ಸೊಪ್ಪು ಬಿಡಿಸುತ್ತಿದ್ದ ಶಿಷ್ಯನ ಕೈ ಯಾವಾಗಲೋ ನಿಂತಿತ್ತು. ಅವನಿಗೆ ಸಿಟ್ಟು ಬಂತು.

"ಎಂಥ ವೈದ್ಯ ಅವನು, ಗುರುಗಳೇ! ಎದುರಿಗೆ ನಿಂತವಳ ಕಡೆ ಒಮ್ಮೆ ಕಣ್ಣೆತ್ತಿಯೂ ನೋಡದೆ, ಬರುವ ಉತ್ತರವನ್ನು ಮೊದಲೇ ತಿಳಿದುಕೊಂಡು ಯಾರಾದರೂ ಪ್ರಶ್ನೆ ಕೇಳುತ್ತಾರೆಯೇ?"

ಗುರು ಹೇಳಿದರು: "ಇವತ್ತು ಬೆಳಿಗ್ಗೆ ನೀನು ನನ್ನ ಕಾಲು ಮುಟ್ಟಿ 'ಕ್ಷೇಮವೇ?' ಎಂದೆ, ನಾನು 'ಕ್ಷೇಮ' ಎಂದೆ. ನನ್ನ ಮುಖ ನೋಡಿದ್ದೆಯಾ?"

ಶಿಷ್ಯ ಆಗ ನೋಡಿದ. ಸೊಪ್ಪನ್ನು ಬದಿಗಿಟ್ಟು ಗುರುಗಳ ಹಣೆ ಮುಟ್ಟಿದ; ಅದು ಸುಡುತ್ತಿತ್ತು.