ಮೃಡಲಿಂಗ ಅಜ್ಜನವರು ಬೇಡಿದ ಬರೆ

ಮಲಪ್ರಭೆಯ ದಂಡೆಯ ಸಂಕನಾಳ ಮಠವೆಂದರೆ ಮಣ್ಣಿನ ಗೋಡೆಗಳ ನಡುವೆ ಒಂದು ಗದ್ದುಗೆ, ಮಗ್ಗುಲಲ್ಲಿ ಬಡಮಕ್ಕಳ ಪ್ರಸಾದನಿಲಯ, ಇಷ್ಟೇ. ಪೂಜ್ಯ ಶ್ರೀ ಮೃಡಲಿಂಗ ಅಜ್ಜನವರು ಪೀಠಕ್ಕೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಆ ಬೇಸಿಗೆ ನಿಲಯದ ಮಕ್ಕಳಲ್ಲಿ ಮಂಗನಬಾವು ಹಬ್ಬಿತು. ಅಜ್ಜನವರು ಅವರನ್ನು ಬೇರೆ ಕೋಣೆಯಲ್ಲಿ ಮಲಗಿಸಿ, ತಾವೇ ಗಂಜಿ ಕುಡಿಸಿ, ಬಾತ ಕೆನ್ನೆಗೆ ತಣ್ಣೀರ ಬಟ್ಟೆ ಇಟ್ಟು ಉಪಚರಿಸಿದರು. ಆಮೇಲೆ ಒಮ್ಮೆಲೇ ದರ್ಶನ ನಿಂತಿತು, ಅವರ ಕೋಣೆಯ ಬಾಗಿಲು ಮುಚ್ಚಿತು. ಅಜ್ಜನವರು ಮೌನಕ್ಕೆ ಕೂತರೆಂದು ಊರು ನಂಬಿತು.

ಪೂಜಾರಿ ಚನ್ನವೀರಯ್ಯನವರೂ ಹಾಗೆಯೇ ನಂಬಿ, ಒಳಗೊಳಗೇ ಹಿಗ್ಗಿದರು. ಮಂಗನಬಾವಿನ ಮಕ್ಕಳಿಗೆ ಗದ್ದುಗೆಯ ತ್ರಿಶೂಲ ಕಾಯಿಸಿ ಕಿವಿಯ ಕೆಳಗೆ ಬರೆ ಹಾಕುವುದು ಅವರ ಮನೆತನದ ಹಕ್ಕು. ಹೊಸ ಅಜ್ಜನವರು ಬಂದೊಡನೆ ಅದನ್ನು ನಿಲ್ಲಿಸಿದ್ದು ಅವರಿಗೆ ಗಂಟಲಿಗೆ ಸಿಕ್ಕ ಮುಳ್ಳಾಗಿತ್ತು. ಮಠ ಕಟ್ಟಿದವರಿಗಿಂತ ಇವರು ದೊಡ್ಡವರೋ?

ಅಂದು ಕಾಶವ್ವ ಎಂಬಾಕೆ ತನ್ನ ಆರು ವರ್ಷದ ನೀಲಾಳನ್ನು ಹೊತ್ತು ತಂದಳು. ಮಗುವಿನ ಮುಖ ಒಂದು ಕಡೆ ದಪ್ಪಗೆ ಬಾತಿತ್ತು.

"ಅಯ್ಯಾರ, ಕೂಸು ತುತ್ತು ನುಂಗವಲ್ದು. ದವಾಖಾನಿಯವ್ರು ಬರೇ ಜ್ವರದ ಔಷಧ ಕೊಟ್ರು. ಹುಳಿ ತಿನಸಬ್ಯಾಡ್ರಿ, ಮನ್ಯಾಗ ಇರಸ್ರಿ, ತಾನ ಇಳೀತೈತಿ ಅಂದ್ರು."

"ತಾನ ಇಳಿಯೂದಾದ್ರ ದೇವ್ರು ಯಾಕ ಬೇಕವ್ವ?" ಎಂದು ನಕ್ಕು ಚನ್ನವೀರಯ್ಯನವರು ಕೆಂಡಕ್ಕೆ ತ್ರಿಶೂಲ ಇಟ್ಟರು.

ಕಬ್ಬಿಣ ಕೆಂಪಾಯಿತು. ತಾಯಿಯೇ ಮಗಳ ಕೈಕಾಲು ಒತ್ತಿ ಹಿಡಿದಳು. ಕಾದ ತ್ರಿಶೂಲ ಹತ್ತಿರ ಬರುವುದನ್ನು ಕಂಡೇ ಮಗು ಕಿಟಾರನೆ ಚೀರಿತು. ಭಕ್ತಿಯ ಹೆಸರಿನಲ್ಲಿ ಇಂಥ ಕ್ರೌರ್ಯ ಎಷ್ಟು ಸಲೀಸಾಗಿ ನಡೆದುಹೋಗುತ್ತದೆ! ನೆರೆದ ಭಕ್ತರಲ್ಲಿ ಒಬ್ಬರೂ ತಡೆಯಲಿಲ್ಲ, ಕೈಮುಗಿದು ನಿಂತರು.

ಅಷ್ಟರಲ್ಲಿ, ಕಬ್ಬಿಣ ಮೈಗೆ ತಾಗುವ ಮೊದಲೇ, ಅಜ್ಜನವರ ಕೋಣೆಯ ಬಾಗಿಲು ತೆರೆಯಿತು.

"ಚನ್ನವೀರಯ್ಯ!"

ಅಜ್ಜನವರು ಹಾಗೆ ಗದರಿದ್ದನ್ನು ಯಾರೂ ಕೇಳಿರಲಿಲ್ಲ. ತಲೆಯ ಮೇಲಿನ ಕಾವಿ ವಸ್ತ್ರವನ್ನು ಅವರು ಸರಿಸಿದರು. ಎರಡೂ ಕೆನ್ನೆ ಬಾತು ಕಿವಿಗಳನ್ನು ಮೇಲಕ್ಕೆ ತಳ್ಳಿದ್ದವು, ಜ್ವರಕ್ಕೆ ಕಣ್ಣು ಕೆಂಪಾಗಿದ್ದವು. ಮೌನವಲ್ಲ, ಮಂಗನಬಾವು! ಮಕ್ಕಳಿಂದ ಅಂಟಿದ್ದು ಇತರರಿಗೆ ಹಬ್ಬದಿರಲೆಂದು ಅವರು ಒಳಗಿದ್ದರು.

"ಎಲ್ಲಾರೂ ದೂರ ಸರೀರಿ," ಎಂದವರೇ ಹೊಸ್ತಿಲಲ್ಲಿ ಕೂತು ಕೊರಳು ಓರೆಮಾಡಿದರು. "ಬಾ, ಚನ್ನವೀರಯ್ಯ. ಮೊದಲು ನನಗ ಹಾಕು."

ಚನ್ನವೀರಯ್ಯನವರು ಒಂದು ಹೆಜ್ಜೆ ಹಿಂದೆ ಸರಿದರು. "ಶಿವ ಶಿವಾ! ಗುರುವಿನ ಮೈ ಸುಡೂ ಪಾಪ ನಾ ಹ್ಯಾಂಗ ಕಟ್ಟಿಕೊಳ್ಳಲಿ, ಬುದ್ಧಿ?"

"ಗುರುವಿನ ಮೈ ಸುಟ್ರ ಪಾಪ. ಕೂಸಿನ ಮೈ ಸುಟ್ರ ಪೂಜಿ ಏನು?"

ಚನ್ನವೀರಯ್ಯನವರು ತೊದಲಿದರು: "ಹಿಂದಿನಿಂದ ನಡದು ಬಂದದ್ರೀ... ಎಲ್ಲಾರಿಗೂ ಗುಣ ಆಗೇದ..."

"ಬಾವು ತಾನ ಇಳೀತಿತ್ತು. ನಿಮ್ಮ ಮನಿತನದವ್ರು ಹಾಕಿದ ಬರೆ ಮಾತ್ರ ಉಳೀತಿತ್ತು."

ಚನ್ನವೀರಯ್ಯನವರ ಎಡಗೈ ತಾನಾಗಿ ತಮ್ಮ ಕಿವಿಯ ಕೆಳಗೆ ಹೋಯಿತು. ಅಲ್ಲಿ ತಂದೆ ಹಾಕಿದ ಬರೆಯ ಗಂಟಿತ್ತು. ಅಂದು ಅವ್ವನ ಮಡಿಲಲ್ಲಿ ತಾವೂ ಹೀಗೆಯೇ ಚೀರಿದ್ದರು. ತ್ರಿಶೂಲ ಕೈಜಾರಿ ನೆಲಕ್ಕೆ ಬಿತ್ತು. ಅವರು ಅಜ್ಜನವರಿಗೆ ಅಡ್ಡಬೀಳಲು ಹೋದರು.

"ನನಗಲ್ಲ," ಎಂದು ಅಜ್ಜನವರು ಮಗುವಿನ ಕಡೆ ಬೆರಳು ತೋರಿದರು. ಕಾಶವ್ವನಿಗೆ ಹೇಳಿದರು: "ಮನಿಗೆ ಕರಕೊಂಡು ಹೋಗವ್ವ. ಮೆತ್ತಗಿನ ಅನ್ನ, ಬೇಕಾದಷ್ಟು ನೀರು. ಬ್ಯಾರೆ ಮಕ್ಕಳ ಸಂಗಾಟ ಆಡಾಕ ಬಿಡಬ್ಯಾಡ. ತಲಿ ಸಿಡಿದು ವಾಂತಿ ಆದ್ರ ತಡಾ ಮಾಡದ ಡಾಕ್ಟರ್ ಕಡೆ ಓಡು."

ಚನ್ನವೀರಯ್ಯನವರು ಆ ಕೂಸಿನ ಮುಂದೆ ಮೊಣಕಾಲೂರಿದರು. ನೀಲಾ ಎರಡೂ ಕಿವಿ ಮುಚ್ಚಿಕೊಂಡು ತಾಯಿಯ ಸೆರಗಿನೊಳಗೆ ಹುದುಗಿದಳು.

ಆ ಹೆದರಿಕೆಯನ್ನು ಅವರು ಬದುಕಿರುವತನಕ ಮರೆಯಲಿಲ್ಲ. ಮುಂದೆ ಮಠಕ್ಕೆ ಯಾವ ಮಗು ಬಂದರೂ, ವಿಭೂತಿ ಹಚ್ಚುವ ಮೊದಲು ಚನ್ನವೀರಯ್ಯನವರು ತಮ್ಮ ಎರಡೂ ಖಾಲಿ ಅಂಗೈ ಬಿಚ್ಚಿ ಅದಕ್ಕೆ ತೋರಿಸುತ್ತಿದ್ದರು.