ಹಾಲಪ್ಪ ಮೇಷ್ಟ್ರಿಗೂ ಗೊತ್ತಿಲ್ಲದ ಯಂತ್ರ

ಹಾಲಪ್ಪ ಮೇಷ್ಟ್ರು ಎಂಜಿನಿಯರಿಂಗ್ ಕಾಲೇಜಿನಿಂದ ನಿವೃತ್ತರಾಗಿ ಹೊಳೆದಂಡೆಯ ಮನೆಯಲ್ಲಿದ್ದರು. ಕಲಿಸುವ ಚಟ ಮಾತ್ರ ನಿವೃತ್ತವಾಗಿರಲಿಲ್ಲ.

ಒಂದು ಬುಧವಾರ ಅದೇ ಕಾಲೇಜಿನ ಕೊನೆಯ ವರ್ಷದ ನಾಗವೇಣಿ ಮುಖ ಸಣ್ಣದು ಮಾಡಿಕೊಂಡು ಬಂದಳು.

“ಸರ್, ಸೋಮವಾರ ಕೆಲಸಕ್ಕೆ ಆರಿಸೋಕೆ ಕಂಪನಿಯವರು ಕಾಲೇಜಿಗೆ ಬರ್ತಾರೆ. ನಾವು ನೋಡೇ ಇರದ ಯಂತ್ರ ಮುಂದಿಟ್ಟು ‘ನಡೆಸಿ ತೋರ್ಸಿ’ ಅಂತಾರಂತೆ. ನಾವು ಕಲ್ತಿದ್ದೆಲ್ಲ ಹಳೇದು. ಹೊಸದನ್ನ ನೀವೇ ಕಲಿಸ್ಬೇಕು. ಈ ಕೆಲಸ ನನಗೆ ಬೇಕೇ ಬೇಕು.”

“ನಿನ್ನ ಲ್ಯಾಬ್ ರೆಕಾರ್ಡ್ ಕೊಡು.”

ಕೊಟ್ಟಳು. ಅಕ್ಷರ ಮುತ್ತು ಪೋಣಿಸಿದಂತಿತ್ತು. ಪುಟ ಪುಟ ತಿರುಗಿಸಿದರೂ ಒಂದು ಚಿತ್ತು ಸಿಗಲಿಲ್ಲ.

“ಒಂದು ಪ್ರಯೋಗವೂ ತಪ್ಪಿಲ್ಲವಲ್ಲ. ಹೆಂಗೆ?”

ನಾಗವೇಣಿ ನೆಲ ನೋಡಿದಳು. “ಸೀನಿಯರ್ ರೆಕಾರ್ಡ್ ನೋಡಿ ರೀಡಿಂಗ್ ಮೊದಲೇ ಬರ್ಕೊಂಡಿರ್ತೀವಿ ಸರ್.”

“ಅವರು?”

“ಅವರ ಸೀನಿಯರ್‌ದು ನೋಡಿ.”

ಮೇಷ್ಟ್ರು ಬೈಯಲಿಲ್ಲ. ಬೈದಿದ್ದರೆ ಅವಳಿಗೂ ಸಮಾಧಾನವಾಗುತ್ತಿತ್ತು.

ಒಳಗಿನಿಂದ ಪೆಟ್ಟಿಗೆಯೊಂದನ್ನು ತಂದರು. ಹಳೇ ಶಿಷ್ಯನೊಬ್ಬ ಕಳಿಸಿದ್ದು, ಇನ್ನೂ ಸೀಲು ಒಡೆದಿರಲಿಲ್ಲ. ಒಳಗೆ ಮೊಳದುದ್ದದ ರೋಬೋಟ್ ಕೈ.

“ಇದನ್ನ ಹೆಂಗೆ ನಡೆಸೋದು ಸರ್?”

“ನನಗೂ ಇದರ ಗಂಧಗಾಳಿ ಇಲ್ಲ.”

“ಹಂಗಾದ್ರೆ ಕಲಿಸೋರು ಯಾರು?”

ಮೇಷ್ಟ್ರು ವೈರು ಜೋಡಿಸಿ ಗುಂಡಿ ಒತ್ತಿದರು. ಕೈ ಗಿರ್ರನೆ ತಿರುಗಿ ಅವರ ಕಾಫಿ ಲೋಟವನ್ನೇ ಕೆಡವಿತು. ಪಂಚೆ ತೊಯ್ದುಹೋಯಿತು.

ಅವರು ಹೊಸ ನೋಟ್‌ಬುಕ್ ತೆಗೆದು ಬರೆದರು: ‘ಎಡಕ್ಕೆ ತಿರುಗುತ್ತದೆ ಅಂದುಕೊಂಡೆ. ಬಲಕ್ಕೆ ತಿರುಗಿತು. ಕಾಫಿ ಹೋಯಿತು.’

ನೋಟ್‌ಬುಕ್ಕನ್ನು ನಾಗವೇಣಿಯ ಕಡೆ ಸರಿಸಿ, ಪಂಚೆ ಬದಲಿಸಲು ಎದ್ದುಹೋದರು.

ಮರುದಿನದಿಂದ ಅವಳಿಗೆ ಮೇಷ್ಟ್ರ ಜಗಲಿಯೇ ಲ್ಯಾಬ್ ಆಯಿತು. ಏನು ಕೇಳಿದರೂ ಅವರದು ಒಂದೇ ಮಾತು: “ನೀನು ಏನಂದ್ಕೊಂಡಿದ್ದೆ? ಏನಾಯ್ತು?” ನೋಟ್‌ಬುಕ್ ತುಂಬ ಚಿತ್ತುಕಾಟು. ಎರಡು ಸ್ಟೀಲ್ ಲೋಟ ನೆಗ್ಗಿದವು. ಶುಕ್ರವಾರ ಅತ್ತೇಬಿಟ್ಟಳು. ಶನಿವಾರ ಅಳುವುದಕ್ಕೆ ಪುರಸೊತ್ತೇ ಇರಲಿಲ್ಲ.

ಭಾನುವಾರ ಸಂಜೆ ಆ ಕೈ ನೀರು ತುಂಬಿದ ಲೋಟವನ್ನು ಎತ್ತಿ, ಹನಿ ಚೆಲ್ಲದೆ ಮೇಷ್ಟ್ರ ಮುಂದಿಟ್ಟಿತು.

ನಾಗವೇಣಿಗೆ ಖುಷಿ ತಡೆಯಲಾಗಲಿಲ್ಲ. ಕಾಲೇಜಿನ ವಾಡಿಕೆಯಂತೆ ನೋಟ್‌ಬುಕ್ಕನ್ನೂ ಕೆಂಪು ಪೆನ್ನನ್ನೂ ಅವರ ಮುಂದೆ ಹಿಡಿದಳು.

“ಸರಿ ಇದೆ ಅಂತ ಒಂದು ಸಹಿ ಹಾಕ್ಬಿಡಿ ಸರ್.”

ಮೇಷ್ಟ್ರು ನೀರು ಕುಡಿದು, ಪೆನ್ನನ್ನು ಅವಳ ಕೈಗೇ ವಾಪಸ್ ಕೊಟ್ಟರು.

“ನಾಳೆ ಅಲ್ಲಿ ನಾನಿರೋದಿಲ್ಲ ಕಣಮ್ಮ. ಸಹಿ ನೀನೇ ಹಾಕು.”