ಡ್ರೋನಿಗೆ ಕಟ್ಟಿದ ನಿಂಬೆಹಣ್ಣು

"ಬುದ್ಧಿ, ನಾಳೆ ನನ್ನ ಮೊದಲ ಪ್ರವಚನ. ಒಂದು ಮಾತು ತಪ್ಪಿದರೂ ಎಲ್ಲ ಕೆಟ್ಟೀತು ಅನ್ನಿಸುತ್ತಿದೆ. ಈ ಹೆದರಿಕೆಯನ್ನು ಹೇಗೆ ಗೆಲ್ಲಲಿ?"

ಕೇಳಿದವನು ಚೆನ್ನವೀರ, ಮಠದ ಗುರುಗಳ ಬಳಿ ಹನ್ನೆರಡು ವರ್ಷದಿಂದ ಓದುತ್ತಿದ್ದ ಶಿಷ್ಯ. ನಾಳೆ ಆಡಬೇಕಾದ ಮಾತನ್ನೆಲ್ಲ ಒಂದಕ್ಷರ ಬಿಡದೆ ಬರೆದು, ಆ ನಲವತ್ತು ಹಾಳೆಗಳನ್ನು ಎದೆಗವಚಿಕೊಂಡು ಬಂದಿದ್ದ.

ಗುರುಗಳು ಹಾಳೆಗಳ ಕಡೆ ಒಮ್ಮೆ ನೋಡಿ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಫೋಟೋಗ್ರಾಫರ್ ಇದ್ದ. ಇಪ್ಪತ್ತು ವರ್ಷ ಮದುವೆಗಳ ಚಿತ್ರ ತೆಗೆದವನು. ಉಸಿರು ಬಿಗಿಹಿಡಿದು ಕ್ಯಾಮೆರಾವನ್ನು ಗಟ್ಟಿಯಾಗಿ ಹಿಡಿದರೆ ಚಿತ್ರ ಅಲುಗುವುದಿಲ್ಲ ಎಂಬುದೇ ಅವನ ವಿದ್ಯೆ. ಕಾಲ ಬದಲಾಯಿತು. ಮದುವೆಯವರು "ಡ್ರೋನ್ ಇದೆಯಾ?" ಎಂದೇ ಮೊದಲು ಕೇಳತೊಡಗಿದರು. ಇಲ್ಲವೆಂದರೆ ಪಕ್ಕದ ಊರಿನವನನ್ನು ಕರೆಸುತ್ತಿದ್ದರು. ಇವನೂ ಒಂದು ಡ್ರೋನ್ ತಂದ. ಹತ್ತು ದಿನದಾಚೆಗಿದ್ದ ಒಂದು ಮದುವೆಯ ಕೆಲಸವನ್ನು ಒಪ್ಪಿಕೊಂಡೂ ಬಿಟ್ಟ. ಅದು ಕೆಟ್ಟರೆ ಊರಿನಲ್ಲಿ ಇನ್ನು ಅವನನ್ನು ಕರೆಯುವವರಿಲ್ಲ.

ಒಣಗಿದ ಕೆರೆಯಂಗಳಕ್ಕೆ ಹೋಗಿ ಹಾರಿಸಿದ. ಡ್ರೋನ್ ಕೊಂಚ ಎಡಕ್ಕೆ ಸರಿದರೆ ಗಾಬರಿಯಿಂದ ರಿಮೋಟಿನ ಕಡ್ಡಿಯನ್ನು ಬಲಕ್ಕೆ ಎಳೆಯುತ್ತಿದ್ದ. ಅದು ಬಲಕ್ಕೆ ಧಾವಿಸಿದರೆ ಇನ್ನೂ ಜೋರಾಗಿ ಎಡಕ್ಕೆ ಎಳೆಯುತ್ತಿದ್ದ. ಹೀಗೆ ಎಳೆದಾಡಿ ಎರಡು ಸಲ ಹುಣಸೆಮರಕ್ಕೆ ಸಿಕ್ಕಿಸಿದ. ಯಾರದೋ ಕಣ್ಣು ಬಿದ್ದಿದೆ ಎಂದುಕೊಂಡು, ಹೊಸ ಬೈಕಿಗೆ ಕಟ್ಟುವ ಹಾಗೆ ಡ್ರೋನಿನ ಕಾಲಿಗೆ ಒಂದು ನಿಂಬೆಹಣ್ಣು ಕಟ್ಟಿದ. ಆ ಪುಟ್ಟ ಯಂತ್ರಕ್ಕೆ ನಿಂಬೆಹಣ್ಣೂ ಭಾರವೇ. ಮೂರನೆಯ ಸಲವೂ ಹುಣಸೆಮರವೇ ಗತಿಯಾಯಿತು.

ಮದುವೆಗೆ ಎರಡೇ ದಿನ ಉಳಿದಾಗ, ಡ್ರೋನಿನಿಂದ ಹೊಲಗಳಿಗೆ ಔಷಧಿ ಹೊಡೆಯುವ ಹೆಂಗಸೊಬ್ಬಳನ್ನು ಕೆರೆಯಂಗಳಕ್ಕೆ ಕರೆತಂದ.

"ಮೊದ್ಲು ಆ ನಿಂಬೆಹಣ್ಣು ಬಿಚ್ಚಿ ಅಣ್ಣಾ," ಎಂದಳು ಅವಳು.

ಇವನು ಬಿಚ್ಚಿ ಹಾರಿಸಿದ. ಡ್ರೋನ್ ಮೇಲೇರಿ ಮರದತ್ತ ಹೊರಟಿತು. ಇವನು ಬೆವೆತು ಕಡ್ಡಿಗಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದ.

"ಕಡ್ಡಿ ಮೇಲಿಂದ ಹೆಬ್ಬೆಟ್ಟು ಎರಡೂ ತೆಗೀರಿ."

"ಬಿದ್ದುಹೋದ್ರೆ?"

"ತೆಗೀರಿ ಅಂದೆ."

ಇವನು ಕಣ್ಣು ಮುಚ್ಚಿಕೊಂಡು ಹೆಬ್ಬೆಟ್ಟು ತೆಗೆದ. ಬಿದ್ದ ಸದ್ದು ಬರಲಿಲ್ಲ. ಕಣ್ಣು ಬಿಟ್ಟು ನೋಡಿದರೆ, ಡ್ರೋನ್ ಮರದ ಈಚೆ ಗಾಳಿಯಲ್ಲಿ ಸುಮ್ಮನೆ ನಿಂತಿತ್ತು.

"ನಿಂತ್ಕೊಳ್ಳೋದು ಅದಕ್ಕೆ ಗೊತ್ತು. ಮಾಡಿದೋರು ಅದರೊಳಗೇ ಇಟ್ಟವ್ರೆ. ಎಲ್ಲಿಗೆ ಹೋಗ್ಬೇಕು ಅಂತ ನೀವು ಮೆಲ್ಲಗೆ ಹೇಳಿ, ಸಾಕು," ಎಂದಳು.

ಮದುವೆಯ ದಿನ ಅದೇ ಡ್ರೋನ್ ಚಪ್ಪರದ ಮೇಲೆ ಮೂರು ಸುತ್ತು ಹಾಕಿತು. ಫೋಟೋಗ್ರಾಫರ್ ಕೆಳಗೆ ಎಲೆಅಡಿಕೆ ಜಗಿಯುತ್ತ ನಿಂತಿದ್ದ.

ಗುರುಗಳು ಕತೆ ಮುಗಿಸಿದರು. ಚೆನ್ನವೀರನಿಗೆ ಸಮಾಧಾನವಾಗಲಿಲ್ಲ.

"ಅದರೊಳಗೆ ಮಾಡಿದವರು ಇಟ್ಟಿದ್ದರು ಬುದ್ಧಿ. ನನ್ನೊಳಗೆ ಏನಿದೆ?"

ಗುರುಗಳು ಹಾಳೆಗಳಿಗಾಗಿ ಕೈಚಾಚಿ ಕೇಳಿದರು:

"ಹಾಗಾದರೆ ಹನ್ನೆರಡು ವರ್ಷ ನಿನ್ನ ಮುಂದೆ ಕೂತು ನಾನು ಮಾಡಿದ್ದೇನು?"